ಹದಿನಾಲ್ಕು ತಿಂಗಳು, ಮೂರು ಎಕರೆ

ನನ್ನ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಅಂಗಿ ತೊಡುವಾಗ ಮೊದಲು ಆ ತೋಳನ್ನು ತೂರಿಸಿ ಆಮೇಲೆ ಎಡಗೈ ಹಾಕಿಕೊಳ್ಳುತ್ತೇನೆ. ಮೊನ್ನೆ ಮೊಮ್ಮಗಳು ಅದನ್ನು ನೋಡಿ, "ಬಿದ್ದಿದ್ರಾ ಅಜ್ಜ?" ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೊಪ್ಪದ ಕಡೆಯ ಹಳ್ಳಿ. ಅಪ್ಪಯ್ಯ ಗೇಣಿದಾರ. ಸುಗ್ಗಿಯಲ್ಲಿ ಭತ್ತ ಅಳೆದು ಕೊಟ್ಟು ಒಡೆಯರ ಅಂಗಳದ ಕೆಳಗೆ ನಿಂತು ಬರುತ್ತಿದ್ದರು. 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧ ಗೆದ್ದಾಗ ನಾನು ಹೈಸ್ಕೂಲು. ಪತ್ರಿಕೆಯಲ್ಲಿ ಬಂದ ಇಂದಿರಾ ಗಾಂಧಿಯವರ ಚಿತ್ರ ಕತ್ತರಿಸಿ, ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸಿದವನು ನಾನೇ. ಅದನ್ನು ಮುಚ್ಚಿಟ್ಟರೆ ಈ ಕಥೆ ಅರ್ಧ ಸುಳ್ಳಾಗುತ್ತದೆ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಅವರ ರಾಯಬರೇಲಿ ಆಯ್ಕೆಯನ್ನು ರದ್ದು ಮಾಡಿತು. 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಆಗ ಬೆಂಗಳೂರಿನಲ್ಲಿದ್ದರು, ಅಲ್ಲೇ ಬಂಧಿಸಿದರು. ನಾನು ಕಾಲೇಜಿನ ಹುಡುಗ, 19 ವರ್ಷ, ಯಾವ ಪಕ್ಷದ ಸದಸ್ಯನೂ ಅಲ್ಲ. ಜಯಪ್ರಕಾಶ್ ನಾರಾಯಣರನ್ನೇ ಜೈಲಿಗೆ ಹಾಕಿದರಲ್ಲ ಎಂಬ ಸಂಕಟಕ್ಕೆ ಗೆಳೆಯರ ಜೊತೆ ಕರಪತ್ರ ಹಂಚತೊಡಗಿದೆ. ಡಿಸೆಂಬರ್‌ನ ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದೆ. ಚೀಲದಲ್ಲಿ ನಲವತ್ತು ಹಾಳೆಗಳಿದ್ದವು.

ಠಾಣೆಯ ಹೆಸರು ಬೇಡ, ಅಲ್ಲಿದ್ದವರ ಹೆಸರೂ ಬೇಡ. ಅವರು ಅದನ್ನು 'ಏರೋಪ್ಲೇನ್' ಎನ್ನುತ್ತಿದ್ದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಆ ಕಟ್ಟಿಗೆ ಹಗ್ಗ ಸಿಕ್ಕಿಸಿ, ತೊಲೆಗೆ ಹಾಕಿದ ರಾಟೆಯಿಂದ ಎಳೆಯುತ್ತಾರೆ. ಕಾಲಿನ ಹೆಬ್ಬೆರಳು ನೆಲ ಬಿಡುವ ಹೊತ್ತಿಗೆ ಇಡೀ ಮೈಭಾರ ಭುಜಕ್ಕೆ ಬಂದಿರುತ್ತದೆ. ಕೇಳಿದ್ದು ಒಂದೇ ಪ್ರಶ್ನೆ: ಕರಪತ್ರ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ಎಲ್ಲಿದೆ? ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೂರನೆಯ ಸಲ ಎಳೆದಾಗ ಹೇಳಿಬಿಡುತ್ತಿದ್ದೆ. ಆ ರಾಟೆಯ ಸದ್ದು ಈಗಲೂ ಕಿವಿಯಲ್ಲಿದೆ. ಬಾವಿಯ ರಾಟೆ ಕಿರುಗುಟ್ಟಿದರೂ ನಾನು ಅಲ್ಲಿ ನಿಲ್ಲಲಾರೆ.

ಮೊದಲು ಭಾರತ ರಕ್ಷಣಾ ನಿಯಮದಡಿ ಕೇಸು. ಅದಕ್ಕೆ ಜಾಮೀನು ಸಿಕ್ಕಿ ಜೈಲಿನ ಬಾಗಿಲು ದಾಟುವಷ್ಟರಲ್ಲಿ ಮೀಸಾ ಹಾಕಿ ಮತ್ತೆ ಒಳಗೆ ಕರೆದುಕೊಂಡರು. ಮೀಸಾ ಅಂದರೆ ವಿಚಾರಣೆಯಿಲ್ಲ, ಇಷ್ಟು ದಿನ ಎಂಬ ಲೆಕ್ಕವಿಲ್ಲ. 1976ರ ಏಪ್ರಿಲ್ 28ರಂದು, ಬಂಧನ ಸರಿಯೇ ತಪ್ಪೇ ಎಂದು ಕೇಳಲು ಕೋರ್ಟಿಗೆ ಹೋಗುವ ಹಕ್ಕೂ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ಸುದ್ದಿ ಬಂದ ರಾತ್ರಿ ನಮ್ಮ ಬ್ಯಾರಕ್ಕಿನಲ್ಲಿ ಯಾರೂ ಮಾತಾಡಲಿಲ್ಲ.

ಅವ್ವ ಬರಲು ಅನುಮತಿ ಸಿಕ್ಕಿದ್ದು ಮಳೆಗಾಲ ಮುಗಿದ ಮೇಲೆ. ಕಡುಬು ಕಟ್ಟಿಕೊಂಡು ಬಂದಿದ್ದಳು. ಚೀಟಿ ಇದೆಯೋ ಎಂದು ಕಾವಲಿನವನು ಒಂದೊಂದನ್ನೂ ಕಡ್ಡಿಯಿಂದ ತಿವಿದು ಪುಡಿ ಮಾಡಿ ಕೊಟ್ಟ. ಅವಳ ಮೊದಲ ಮಾತು, "ಎಂತ ಮಾಡ್ದೆ ಮಗ? ಯಾರದ್ದಾದ್ರೂ ಕದ್ದೆಯಾ?" ಇಲ್ಲವ್ವ ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಎರಡನೆಯ ಮಾತು ಹೇಳಿದಳು: "ಅಪ್ಪಯ್ಯ ಹಾಕಿದ್ದ ಡಿಕ್ಲರೇಶನ್ ಆಯ್ತು. ಮೂರು ಎಕರೆ ನಮ್ದೇ."

ದೇವರಾಜ ಅರಸರ ಭೂಸುಧಾರಣೆ ಅದು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ತಾಲ್ಲೂಕಿನ ಭೂ ನ್ಯಾಯಮಂಡಳಿ ಅದನ್ನು ಉಳುವವನಿಗೆ ಕೊಡುತ್ತಿತ್ತು. ಅವ್ವನ ಲೆಕ್ಕದಲ್ಲಿ ಮಾತ್ರ ಅದನ್ನು ಕೊಟ್ಟವರು ಇಂದಿರಮ್ಮ. ಕಂಬಿಯ ಈಚೆ ನಿಂತು ಆ ಸುದ್ದಿ ಕೇಳಿದಾಗ ನನಗೆ ಅಳುವೂ ಬಂತು, ಅಪ್ಪಯ್ಯ ಇನ್ನು ಆ ಅಂಗಳದಲ್ಲಿ ನಿಲ್ಲಬೇಕಾಗಿಲ್ಲ ಎಂದು ಎದೆಯೂ ತುಂಬಿತು.

1977ರ ಫೆಬ್ರವರಿಯಲ್ಲಿ ಬಿಟ್ಟರು. ಹದಿನಾಲ್ಕು ತಿಂಗಳಾಗಿತ್ತು. ಹೊರಗೆ ಬಂದ ಮೇಲೆಯೇ ಸ್ನೇಹಲತಾ ರೆಡ್ಡಿಯವರ ಸಾವಿನ ಸುದ್ದಿ ತಿಳಿದದ್ದು. 'ಸಂಸ್ಕಾರ' ಸಿನಿಮಾದ ಚಂದ್ರಿ ಅವರು. ಅಸ್ತಮಾ ಇದ್ದ ಆ ಹೆಣ್ಣುಮಗಳು ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದು, ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಹೋದರು. ನನ್ನದು ಭುಜಕ್ಕೇ ಮುಗಿಯಿತು.

ಆ ಮಾರ್ಚ್‌ನಲ್ಲಿ ಇಂದಿರಾ ರಾಯಬರೇಲಿಯಲ್ಲೇ ಸೋತರು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಅವರ ಪಕ್ಷಕ್ಕೇ ಕೊಟ್ಟಿತು. ಮರುವರ್ಷ ನವೆಂಬರ್‌ನಲ್ಲಿ ಅವರು ನಮ್ಮ ಚಿಕ್ಕಮಗಳೂರಿಗೇ ಬಂದು ನಿಂತರು. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಿದ್ದರು, ಎದುರಾಳಿ ವೀರೇಂದ್ರ ಪಾಟೀಲ್. ನಾನು ಪಾಟೀಲರ ಪರ ಊರೂರು ತಿರುಗಿದೆ. ಅವ್ವ ಮತದಾನದ ದಿನ ಬೆಳಿಗ್ಗೆಯೇ ಮಿಂದು ಸಾಲಿನಲ್ಲಿ ನಿಂತು ಕೈ ಗುರುತಿಗೆ ಒತ್ತಿ ಬಂದಳು. ರೇಗಿಹೋಯಿತು. ಅಂಗಿ ಬಿಚ್ಚಿ ಭುಜ ತೋರಿಸಿದೆ. ಆಗ ಅವಳು ಹೇಳಿದ್ದು:

"ನಿನ್ನ ನೋವು ನಂಗೆ ಗೊತ್ತಿಲ್ವನಾ? ರಾತ್ರಿ ಎಣ್ಣೆ ಹಚ್ಚೋಳು ನಾನೇ ಅಲ್ದಾ? ನಿಮ್ಮಪ್ಪಯ್ಯ ಮೂವತ್ತು ವರ್ಷ ಆ ಅಂಗಳದ ಕೆಳಗೆ ನಿಂತದ್ದೂ ನಂಗೆ ಗೊತ್ತು."

ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 1984ರ ಅಕ್ಟೋಬರ್ 31ರಂದು ಅವರ ಹತ್ಯೆಯಾದಾಗ ಅವ್ವ ಒಲೆ ಹಚ್ಚಲಿಲ್ಲ. ನಾನೂ ಊಟ ಕೇಳಲಿಲ್ಲ. ಗೋಡೆಯ ಚಿತ್ರ ಹೊಗೆ ಹಿಡಿದು ಕಪ್ಪಾಗಿ ಇನ್ನೂ ಅಲ್ಲೇ ಇತ್ತು.

ಆ ಮೂರು ಎಕರೆ ನಮ್ಮನ್ನು ಮನುಷ್ಯರನ್ನಾಗಿ ಮಾಡಿತು. ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಜಮೀನು ಕೊಟ್ಟದ್ದಕ್ಕೆ ಮನುಷ್ಯನನ್ನು ರಾಟೆಗೆ ಏರಿಸಿದ್ದು ಮಾಫಿ ಆಗುವುದಿಲ್ಲ. ಉಳುವವನಿಗೆ ಜಮೀನು ಕೊಡಲು ಯಾರ ಬಾಯಿಯನ್ನೂ ಕಟ್ಟಬೇಕಾಗಿರಲಿಲ್ಲ. ಆ ಕಾನೂನು ಬಂದದ್ದು ತುರ್ತು ಪರಿಸ್ಥಿತಿಗಿಂತ ಮೊದಲೇ. ಕೋರ್ಟಿಗೆ ಹೋಗುವ ಹಕ್ಕಿಲ್ಲವೆಂದ 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟ್ ಬಾಯಿಬಿಟ್ಟು ತಳ್ಳಿಹಾಕಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. 41 ವರ್ಷ ಹಿಡಿಯಿತು. ನನ್ನ ಜೊತೆ ಒಳಗಿದ್ದವರಲ್ಲಿ ಹೆಚ್ಚಿನವರು ಅದನ್ನು ಕೇಳಲು ಉಳಿದಿರಲಿಲ್ಲ.

ಆಗ ದೇಶದಲ್ಲಿ ಒಳಗೆ ಹೋದವರು 1 ಲಕ್ಷಕ್ಕೂ ಮಿಕ್ಕಿ. ನಿಮ್ಮ ಊರಿನಲ್ಲೂ ಒಬ್ಬರಿಬ್ಬರು ಇದ್ದಾರು. ಈಗ ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಈ ವರ್ಷವೇ ಹೋಗಿ ಕೇಳಿ, ಬರೆದಿಟ್ಟುಕೊಳ್ಳಿ.