ಮಗ್ಗ ನಿಂತ ಮ್ಯಾಲ ಟೈಪಿಂಗ್

ತಿಂಗಳಿಗೊಂದು ವಾರ ಬನಹಟ್ಟಿ ಹತ್ತಿರದ ನಮ್ಮೂರಲ್ಲಿ, ಅಪ್ಪನ ಜೋಡಿ ಇದ್ದು ಕೆಲಸ ಮಾಡ್ತೀನಿ. ಅದಕ್ಕೆ ಸಣ್ಣ ಮೆಕ್ಯಾನಿಕಲ್ ಕೀಬೋರ್ಡ್ ಬೇಕಿತ್ತು. 104 ಕೀ ಇರೋದು ಬಸ್ಸಿನ ಚೀಲದಾಗ ಹಿಡಿಸೂದಿಲ್ಲ. ಕನ್ನಡಕ್ಕೆ 61 ಧಾರಾಳ ಆತು: ಕೆ.ಪಿ. ರಾವ್ ವಿನ್ಯಾಸದಲ್ಲಿ 26 ಅಕ್ಷರದ ಕೀ, ಜೊತಿಗೆ ಶಿಫ್ಟ್, ಅಷ್ಟರಾಗ ಇಡೀ ವರ್ಣಮಾಲೆ, ಒತ್ತಕ್ಷರಕ್ಕೆ ಎಫ್. ಆದ್ರ ಬಾಣದ ಕೀ ಇಲ್ದ ಕೋಡ್ ತಿದ್ದೂದು ನನ್ನ ಕೈಲಿ ಆಗದ ಮಾತು. 68 ಕೀ ಇರೋದನ್ನ ಆರಿಸಿದೆ.

ಸ್ವಿಚ್ಚಿಗೇ ಹೆಚ್ಚು ತಲಿ ಕೆಡಿಸ್ಕೊಂಡೆ. ಬ್ಲೂ ಒತ್ತಿದಾಗೊಮ್ಮೆ ಟಿಕ್ ಅಂತೈತಿ. ಓಣಿಯ ಪವರ್‌ಲೂಮ್ ಖಟಪಟದಾಗ ಅದು ಯಾರಿಗೂ ಕೇಳೂದಿಲ್ಲ, ಖರೆ. ಆದ್ರ ಕರೆಂಟ್ ಹೋಗಿ ಮಗ್ಗ ನಿಂತಾಗಲೇ ಅಪ್ಪಗ ನಿದ್ದಿ ಹತ್ತೂದು. ಟಿಕ್ ಇಲ್ಲದ ರೆಡ್ ತಗೊಂಡೆ. ಸ್ಪೇಸ್ ಬಾರ್ ಅಷ್ಟಕ್ಕೂ ಸುಮ್ಮನಾಗಲಿಲ್ಲ. ಅದರ ಕೆಳಗ ಬ್ಯಾಂಡ್‌ಏಡ್ ಹಚ್ಚಿದೆ.

‘ತಮ್ಮಾ, ಅದಕ್ಕೂ ಗಾಯ ಆಗೇತೇನು?’ ಅಂದ ಅಪ್ಪ.