ಕಡಲಿಲ್ಲದ ಕೋರಮಂಡಲ್

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಪ್ಯಾಸೆಂಜರ್ ಹತ್ತಿ ಕಿಟಕಿ ಪಕ್ಕ ಕೂತರೆ ಸ್ವಲ್ಪ ಹೊತ್ತಿಗೇ ‘ಕೋರಮಂಡಲ್’ ಎಂಬ ಫಲಕ ಎದುರಾಗುತ್ತದೆ. ಹೆಸರೇನೋ ಕರಾವಳಿಯದು, ಊರು ಮಾತ್ರ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಮೇಲಿನ ಒಣ ಬಯಲು. ಈ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಚಿನ್ನ ಅಗೆಯಲು ಬಂದ ಕಂಪನಿಯೊಂದರ ಹೆಸರು ನಿಲ್ದಾಣಕ್ಕೂ ಅಂಟಿಕೊಂಡಿತು, ಅಷ್ಟೆ. ಆದರೂ ಈ ದಾರಿಯ ನಿಲ್ದಾಣಗಳನ್ನು ನೋಡಿದಾಗಲೆಲ್ಲ ನನಗೆ ಕಡಲಂಚಿನ ನಿಲ್ದಾಣಗಳೇ ನೆನಪಾಗುತ್ತವೆ.

ರಾಮೇಶ್ವರದಾಚೆಯ ಧನುಷ್ಕೋಡಿಯನ್ನೇ ತೆಗೆದುಕೊಳ್ಳಿ. ಹಳಿ ಅಲ್ಲಿಗೆ ಹೋಗಿದ್ದು ಆ ಊರಿಗಾಗಿ ಅಲ್ಲ, ಊರಾಚೆಯ ಹಡಗಿಗಾಗಿ. ರೈಲು ಇಳಿದವರನ್ನು ಶ್ರೀಲಂಕಾದ ತಲೈಮನ್ನಾರಿಗೆ ಹೋಗುವ ಹಡಗಿಗೆ ಒಪ್ಪಿಸಿದರೆ ನಿಲ್ದಾಣದ ಕೆಲಸ ಮುಗಿಯಿತು. ಈ ದಾರಿಯ ಕೊನೆಯ ನಿಲ್ದಾಣ ಮಾರಿಕುಪ್ಪಂ ಕೂಡ ಅದೇ ಜಾತಿಯದು. 1894ರಲ್ಲಿ ಬಂಗಾರಪೇಟೆಯಿಂದ ಹೊರಟ ಹಳಿ ಹದಿನಾರು ಕಿಲೋಮೀಟರ್ ಓಡಿ ಮೈಸೂರು ಮೈನ್ ಎಂಬ ಚಿನ್ನದ ಗಣಿಯ ಬಳಿ ನಿಂತಿತು. ಅಲ್ಲಿಂದ ಮುಂದಿನ ದಾರಿ ನೆಲದ ಮೇಲಲ್ಲ, ಗಣಿಯ ಕೇಜ್ (ಲಿಫ್ಟ್) ಹತ್ತಿ ಕೆಳಕ್ಕೆ. ಚಾಂಪಿಯನ್ ರೀಫ್ ಗಣಿಯಲ್ಲಿ ಆ ದಾರಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು.

ನಿಲ್ದಾಣದ ವಾಸ್ತುಶಿಲ್ಪ ಎಂದರೆ ಕಮಾನು, ಕಂಬ, ಗಡಿಯಾರ ಎಂದು ನಾವು ಹುಡುಕುತ್ತೇವೆ. ಇಲ್ಲಿ ಅದನ್ನು ಅಂತರಗಳಲ್ಲಿ ಓದಬೇಕು. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ: ಒಂದರಲ್ಲಿ ವೇಗ ಹಿಡಿಯುವಷ್ಟರಲ್ಲಿ ಇನ್ನೊಂದು ಬಂದುಬಿಡುತ್ತದೆ. ಊರುಗಳ ಲೆಕ್ಕ ನೋಡಿ ಇಷ್ಟು ಒತ್ತೊತ್ತಾಗಿ ನಿಲ್ದಾಣ ಯಾರೂ ಕಟ್ಟುವುದಿಲ್ಲ. ಇದು ಗಣಿಗಳ ಲೆಕ್ಕ. ಗಣಿಗೆ ಕಲ್ಲಿದ್ದಲು, ಯಂತ್ರ, ಮರ ಬೇಕಿತ್ತು; ಗಣಿಗೆ ಬೇಕಾದಲ್ಲಿ ರೈಲು ನಿಂತಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ವಿದ್ಯುತ್ ಬಂದಿದ್ದೂ ಈ ಗಣಿಗಳ ಹಸಿವಿಗೇ.

ಇವತ್ತು ಆ ಪ್ಲಾಟ್‌ಫಾರ್ಮುಗಳ ಮೇಲೆ ನಿಂತರೆ ಸೈನೈಡ್ ಗುಡ್ಡ ಕಾಣುತ್ತದೆ. ಅದಿರು ಅರೆದು ಚಿನ್ನ ತೆಗೆದುಕೊಂಡ ಮೇಲೆ ಉಳಿದ ಬೂದು ಪುಡಿಯ ರಾಶಿ ಅದು. ಮಳೆ ಅದರ ಮೈಮೇಲೆ ಉದ್ದುದ್ದ ಸೀಳು ತೆಗೆದಿದೆ. ಗಾಳಿ ಎದ್ದ ದಿನ ನುಣ್ಣನೆ ಪುಡಿ ಹಾರಿ ಬೆಂಚಿನ ಮೇಲೂ ಅಂಗಿಯ ಕಾಲರಿನ ಮೇಲೂ ಕೂರುತ್ತದೆ. ಕಾಯುವವರು ಕರ್ಚೀಫಿನಿಂದ ಬೆಂಚು ಒರೆಸಿ ಕೂರುತ್ತಾರೆ.

ಧನುಷ್ಕೋಡಿ ನಿಲ್ದಾಣವನ್ನು 1964ರ ಡಿಸೆಂಬರಿನ ಚಂಡಮಾರುತ ಒಂದೇ ರಾತ್ರಿಯಲ್ಲಿ ಮುಗಿಸಿತು. ಕೆಜಿಎಫ್‌ಗೆ ಬಡಿದದ್ದು ಗಾಳಿಯಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಯಾವುದಕ್ಕಾಗಿ ಹುಟ್ಟಿದ್ದವೋ ಅದೇ ಹೋದರೂ ನಿಲ್ದಾಣಗಳು ಉಳಿದವು, ಮುಖ ಮಾತ್ರ ತಿರುಗಿಸಿಕೊಂಡವು. ಅಂದು ಜನ ಇಲ್ಲಿಗೆ ಬಂದು ಇಳಿಯುತ್ತಿದ್ದರು. ಇಂದು ಬೆಳಗಿನ ಕತ್ತಲಲ್ಲೇ ಬುತ್ತಿ ಕಟ್ಟಿಕೊಂಡು, ತಮಿಳು, ಕನ್ನಡ, ತೆಲುಗು ಬೆರೆಸಿ ಮಾತಾಡುತ್ತ, ಬೆಂಗಳೂರಿನ ಕೆಲಸಕ್ಕೆ ಹತ್ತುತ್ತಾರೆ. ಗಣಿ ಕಾರ್ಮಿಕರ ಮಕ್ಕಳಿಗೆ ಅನ್ನ ಕೊಡುತ್ತಿರುವುದು ಈಗ ಚಿನ್ನವಲ್ಲ, ಹಳಿ.

ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹೊಸ ಮಾರ್ಗದ ಕೆಲಸ ವರ್ಷಗಳಿಂದ ನಡೆಯುತ್ತಿದೆ. ಅದು ಮುಗಿದ ದಿನ ಮಾರಿಕುಪ್ಪಂ ಕೊನೆಯ ನಿಲ್ದಾಣವಾಗಿ ಉಳಿಯುವುದಿಲ್ಲ. ಆಗಲಿ, ಜನಕ್ಕೆ ಅದು ಒಳ್ಳೆಯದೇ. ಆದರೆ ಅಗಲಿಸುವ, ಕೆಡಹುವ ಕೆಲಸಕ್ಕೆ ಕೈಹಾಕುವ ಮುನ್ನ ರೈಲ್ವೆಯವರು ಈ ಪುಟ್ಟ ನಿಲ್ದಾಣಗಳ ನಕ್ಷೆ, ಚಿತ್ರ, ಚರಿತ್ರೆಯನ್ನಾದರೂ ದಾಖಲಿಸಿಡಲಿ. ಚಿನ್ನದ ಊರಿನಲ್ಲಿ ಕಾಪಾಡಿಕೊಳ್ಳಲು ಇನ್ನು ಹೆಚ್ಚೇನೂ ಉಳಿದಿಲ್ಲ.