ಕೂಸಿನೊಡನೆ ಕಡಲ ಯಾನ

ಸಮುದ್ರೋಲ್ಲಂಘನವು ನಿಷಿದ್ಧವೆಂದು ನಮ್ಮ ಪಿತಾಮಹರು ದೃಢವಾಗಿ ನಂಬಿದ್ದರು. ಅವರ ವಂಶದ ಹತ್ತು ತಿಂಗಳ ಕೂಸೊಂದು ಕಳೆದ ಮಾಘಮಾಸದಲ್ಲಿ ವಿಹಾರನೌಕೆಯೊಂದರಲ್ಲಿ ಮುಂಬಯಿಯಿಂದ ಲಕ್ಷದ್ವೀಪದವರೆಗೆ ಹೋಗಿಬಂದಿತು. ಮಗ ಸೊಸೆಯರ ಬಲವಂತಕ್ಕೆ ಮಣಿದು ನಾವೂ ನಮ್ಮ ಮನೆಯವರೂ ಮೈಸೂರಿನಿಂದ ಜೊತೆಗೆ ಹೊರಟಿದ್ದೆವು. ಆ ಯಾನದಲ್ಲಿ ನಮ್ಮಿಂದಲೇ ಸಂಭವಿಸಿದ ಪ್ರಮಾದವೊಂದನ್ನು ಮರೆಮಾಚದೆ ವಾಚಕರ ಮುಂದಿಡುವುದು ಉಚಿತವೆಂದು ತೋರಿದೆ.

ಅನೇಕ ನೌಕಾಸಂಸ್ಥೆಗಳು ಆರು ತಿಂಗಳು ತುಂಬದ ಶಿಶುವನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಮಹಾಸಾಗರವನ್ನು ದಾಟುವ ದೀರ್ಘಯಾನವಾದರೆ ಒಂದು ವರ್ಷ ತುಂಬಿರಬೇಕೆನ್ನುವವರೂ ಉಂಟು. ಇದು ಅಕಾರಣವಾದ ಕಟ್ಟಳೆಯಲ್ಲ. ನೌಕೆಯಲ್ಲಿ ವೈದ್ಯರೂ ದಾದಿಯರೂ ಇರುತ್ತಾರೆ. ಪ್ರಾಣವಾಯುವೂ ರಕ್ತನಾಳಕ್ಕೆ ದ್ರವವನ್ನೇರಿಸುವ ಸಾಧನವೂ ಇರುತ್ತವೆ. ಆದರೆ ಶಿಶುವೈದ್ಯರು ಇರುವುದು ಅಪರೂಪ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ದಡವನ್ನೇ ಸೇರಬೇಕು. ಲಕ್ಷದ್ವೀಪವೋ ಕೇರಳದ ತೀರದಿಂದ 200 ಕಿ.ಮೀ.ಗೂ ಆಚೆಗೆ. ಹೆಲಿಕಾಪ್ಟರನ್ನು ಕರೆಸುವುದಾದರೂ ಹವೆಯೂ ದೂರವೂ ಅನುಕೂಲಿಸಬೇಕು. ಆ ವೆಚ್ಚವನ್ನು ವಹಿಸತಕ್ಕ ವಿಮೆಯನ್ನು ಕೂಸಿನ ಹೆಸರಿನಲ್ಲಿಯೂ ಹೊರಡುವ ಮುನ್ನವೇ ಮಾಡಿಸಿಕೊಂಡಿರುವುದು ಮೇಲು.

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದು ಶಿಶುಗಳಿಗಾಗಿಯೇ ಮೀಸಲಾದುದು. ಇಂದಿನ ವೈದ್ಯರೂ ಕೂಸಿಗೆ ಔಷಧವನ್ನು ವಯಸ್ಸಿಗಿಂತ ಹೆಚ್ಚಾಗಿ ತೂಕದಿಂದಲೇ ಅಳೆಯುತ್ತಾರೆ. ನಮ್ಮೂರಿನ ಶಿಶುವೈದ್ಯರು ಒಂದು ಹಾಳೆಯಲ್ಲಿ ಕೂಸಿನ ತೂಕ 8 ಕಿಲೋ 200 ಗ್ರಾಂ ಎಂದೂ, ಹಾಕಿಸಿದ ಲಸಿಕೆಗಳನ್ನೂ, ಪ್ರತಿಯೊಂದು ಔಷಧದ ಪ್ರಮಾಣವನ್ನು ಮಿ.ಲೀ. ಲೆಕ್ಕದಲ್ಲಿಯೂ ಬರೆದುಕೊಟ್ಟರು. ಅವರು ಒತ್ತಿ ಹೇಳಿದ ಮಾತೊಂದುಂಟು. ಜ್ವರದ ಪ್ಯಾರಾಸಿಟಮಾಲ್ ಔಷಧವು ಹನಿಗಳ ರೂಪದಲ್ಲಿ ದೊರೆತಾಗ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, ಸಿರಪ್ಪಿನ ಒಂದು ಬಗೆಯಲ್ಲಿ 5 ಮಿ.ಲೀ.ಗೆ ಕೇವಲ 120. ಸಿರಪ್ಪಿನ ಅಳತೆಯಲ್ಲಿ ಹನಿಗಳನ್ನು ಕುಡಿಸಿದರೆ ಕೂಸಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ! ಆದುದರಿಂದ ಸೂಜಿಯಿಲ್ಲದ ಸಿರಿಂಜನ್ನೂ ಚೀಲದಲ್ಲಿಡಿಸಿದರು. ನಮ್ಮ ಮನೆಯವರು ಬಜೆಯ ತುಂಡನ್ನೂ ಸೇರಿಸಲು ಹೋದಾಗ, ಹೊಟ್ಟೆಗೆ ಕೊಡುವುದು ಬೇಡವೆಂದು ವಿನಯದಿಂದಲೇ ತಡೆದರು.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಬಂದರಿನಲ್ಲಿ ನಾವು ಮಾಡಿದುದೇನು? ಸೊಸೆಯ ಕೈಯ ಭಾರವನ್ನು ಇಳಿಸೋಣವೆಂಬ ಔದಾರ್ಯದಿಂದ, ಆಕೆ ಕೂಸಿಗೆ ಹಾಲೂಡಿಸುತ್ತಿದ್ದಾಗ ಆ ಔಷಧದ ಚೀಲವನ್ನು ದೊಡ್ಡ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದೆವು. ದೊಡ್ಡ ಪೆಟ್ಟಿಗೆಗಳನ್ನು ದಡದಲ್ಲಿಯೇ ತೆಗೆದುಕೊಂಡು, ಕೆಲವು ಗಂಟೆಗಳ ತರುವಾಯ ಕೋಣೆಯ ಬಾಗಿಲಿಗೆ ತಲಪಿಸುವುದು ಅಲ್ಲಿನ ಪದ್ಧತಿಯೆಂಬುದು ನಮಗೆ ತಿಳಿದಿರಲಿಲ್ಲ.

ಸಂಜೆ ಆರು ಗಂಟೆಗೆ ಕೂಸು ವಾಂತಿ ಮಾಡಿತು. ಸಮುದ್ರದ ತೂಗಾಟದಿಂದಿರಬಹುದೆಂದು ನಾವು ಹೇಳಿದೆವು; ಎರಡು ವರ್ಷದೊಳಗಿನ ಕೂಸುಗಳಿಗೆ ಆ ಬಾಧೆಯು ವಿರಳವೆಂದು ಅನಂತರ ತಿಳಿಯಿತು. ಒಂದು ಗಂಟೆಯೊಳಗೆ ಮೂರು ಬಾರಿ ಭೇದಿಯಾಯಿತು. ಪೆಟ್ಟಿಗೆಯು ಬಂದಿರಲಿಲ್ಲ. "ಚೀಲ ಎಲ್ಲಿಟ್ಟಿರಿ, ಮಾವ?" ಎಂದು ಸೊಸೆ ಕೇಳಿದಾಗ ಉತ್ತರಿಸಲು ನಮ್ಮ ನಾಲಿಗೆಯೇಳಲಿಲ್ಲ.

ಆಕೆ ಬೈಯಲಿಲ್ಲ, ಕೂಸನ್ನೆತ್ತಿಕೊಂಡು ನೌಕೆಯ ಚಿಕಿತ್ಸಾಲಯಕ್ಕೆ ನಡೆದಳು. ದಾದಿಯು ಕೇಳಿದ ಮೊದಲನೆಯ ಪ್ರಶ್ನೆಯೇ ತೂಕವೆಷ್ಟೆಂಬುದು. ವೈದ್ಯರ ಹಾಳೆಯೂ ಆ ಚೀಲದಲ್ಲಿಯೇ ಇದ್ದಿತು! ಆದರೆ ಸೊಸೆಯು ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದಳು. ವೈದ್ಯರು ಅದನ್ನು ಓದಿ, ಕೂಸಿನ ನಾಲಿಗೆಯನ್ನೂ ಕಣ್ಣುಗಳನ್ನೂ ನೋಡಿ, ಸೂಜಿ ಸದ್ಯಕ್ಕೆ ಬೇಡವೆಂದು ಓ.ಆರ್.ಎಸ್. ಪುಡಿಯ ಪೊಟ್ಟಣವನ್ನು ಕೊಟ್ಟರು.

1971ರಲ್ಲಿ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸರು ಉಪ್ಪು ಸಕ್ಕರೆಗಳ ಇಂತಹ ನೀರನ್ನೇ ಕಾಲರಾಪೀಡಿತ ನಿರಾಶ್ರಿತರಿಗೆ ಕುಡಿಸಿ ಸಾವನ್ನು ಬಹುವಾಗಿ ತಗ್ಗಿಸಿದರು. ಒಂದು ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಪೂರ್ತಿ ಒಂದು ಲೀಟರು ನೀರಿಗೆ ಹಾಕಬೇಕು. ಒಂದು ಲೋಟಕ್ಕೇ ಸುರಿಯುವವರುಂಟು. ಕೂಸಿಗೆ ಅದು ಅಪಾಯಕರ. ಪ್ರತಿ ಭೇದಿಯ ಅನಂತರ 50ರಿಂದ 100 ಮಿ.ಲೀ.; ವಾಂತಿಯಾದರೆ ಹತ್ತು ನಿಮಿಷ ತಡೆದು ಪುನಃ ಚಮಚ ಚಮಚವಾಗಿ; ಎದೆಹಾಲನ್ನು ಮಾತ್ರ ನಿಲ್ಲಿಸಕೂಡದು. ಮೂತ್ರ ನಿಂತರೆ, ಕಣ್ಣು ಗುಳಿಬಿದ್ದರೆ, ಕೂಸು ಮಂಕಾದರೆ ಕೂಡಲೇ ಕರೆತರಬೇಕೆಂದು ವೈದ್ಯರು ಎರಡು ಸಲ ಹೇಳಿದರು. ಇಂತಹ ನೌಕೆಗಳಲ್ಲಿ ಹರಡುವ ನೋರೋವೈರಸ್ಸು ಕೈಗೆ ಸವರುವ ದ್ರಾವಣಕ್ಕೆ ಸುಲಭವಾಗಿ ಜಗ್ಗದು, ಸಾಬೂನು ನೀರಿನಿಂದಲೇ ಕೈ ತೊಳೆಯಿರಿ ಎಂದರು.

ರಾತ್ರಿಯೆಲ್ಲ ಸರದಿಯಂತೆ ಕುಡಿಸಿದೆವು. ಒಂಬತ್ತೂವರೆಗೆ ಪೆಟ್ಟಿಗೆಯು ಬಾಗಿಲಿಗೆ ಬಂದಿತು. ತೆರೆದರೆ ನಮ್ಮ ಶಾಲಿನ ಮೇಲೆ ಚೀಲವು ನೆಮ್ಮದಿಯಾಗಿ ಮಲಗಿದ್ದಿತು. ನಡುರಾತ್ರಿಯಲ್ಲಿ ಕೂಸಿನ ಕಣ್ಣು ಮುಚ್ಚಿಹೋದಂತೆ ಕಂಡು ನಾವು ಎರಡು ಬಾರಿ ಅದರ ಉಸಿರಿಗೆ ಕೈಯೊಡ್ಡಿದೆವು. ಅರವತ್ತು ವರ್ಷಗಳಲ್ಲಿ ಅಂತಹ ದೀರ್ಘವಾದ ರಾತ್ರಿಯನ್ನು ಕಂಡುದಿಲ್ಲ. ಬೆಳಗಿನ ಜಾವಕ್ಕೆ ನಮ್ಮ ಮನೆಯವರು ಕೂಸನ್ನು ಮುಟ್ಟಿ ನೋಡಿ, "ಬಟ್ಟೆ ಒದ್ದೆಯಾಗಿದೆ, ಏಳಿ!" ಎಂದು ಕೂಗಿದರು. ಆ ಮಾತು ನಮಗೆ ಮಂಗಳವಾದ್ಯದಂತೆ ಕೇಳಿಸಿತು.

ಹಿಂದಿರುಗಿ ಬರುವಾಗ ಚೀಲವು ಸೊಸೆಯ ಹೆಗಲಿನಲ್ಲಿಯೇ ಇದ್ದಿತು. ಅಭ್ಯಾಸಬಲದಿಂದ ನಾವು ಕೈ ನೀಡಲು, ಆಕೆ ನಸುನಕ್ಕು, "ನೀವು ಪುಸ್ತಕದ ಗಂಟು ಹಿಡಿದುಕೊಳ್ಳಿ, ಮಾವ, ಅಷ್ಟೇ ಸಾಕು" ಎಂದಳು. ಹಾಗೆಯೇ ಹಿಡಿದುಕೊಂಡು ಇಳಿದೆವು.